ನಾಟಿ ವೈದ್ಯರೊಡನೆ ಔಷಧಿ ಸಸ್ಯಗಳ ಅಧ್ಯಯನ

ಯಾದಗಿರಿ, ಶಹಾಪುರ, ಸುರಪುರ ಭಾಗದ ಗುಡ್ಡ, ಹಳ್ಳ ಹಾಗೂ ಹೊಲದ ಬದುಗಳಲ್ಲಿ ತಂಗಡಿ, ಉತ್ತರಾಣಿ, ಅಮೃತಬಳ್ಳಿ, ನೆಗ್ಗಿಲು ಮುಂತಾದ ಔಷಧಿ ಸಸ್ಯಗಳು ತಾವಾಗಿಯೇ ಬೆಳೆಯುತ್ತವೆ. ಬೇಡ ಸಮಾಜದ ಹಿರಿಯರು, ತಾಂಡಾದ ಅಜ್ಜಿಯರು, ಕುರಿಗಾರರು ಇವುಗಳ ಗುಣ ಬಲ್ಲರು. ಬದುವಿಗೆ ಕಳೆನಾಶಕ ಹೊಡೆದರೆ ಗಿಡ ಹೋಗುತ್ತದೆ; ಹಿರಿಯರು ತೀರಿಕೊಂಡರೆ ಅದರ ಉಪಯೋಗದ ತಿಳಿವಳಿಕೆಯೂ ಹೋಗುತ್ತದೆ. ಆದುದರಿಂದ ಇದನ್ನು ಬರೆದಿಡುವುದು ಅವಶ್ಯ. ಆದರೆ ಬರೆಯುವ ಮೊದಲು ಕೇಳಬೇಕು.

ಕೇಳದಿದ್ದರೆ, ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಕೇರಳದ ಉದಾಹರಣೆ ನೋಡಿ. 1987ರಲ್ಲಿ ಅಗಸ್ತ್ಯ ಬೆಟ್ಟದಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನವರು ದಣಿವಾಗದಂತೆ ಒಂದು ಸಣ್ಣ ಕಾಯಿಯನ್ನು ತಿನ್ನುತ್ತಿದ್ದರು. ಆ ಸಸ್ಯವೇ ಆರೋಗ್ಯಪಚ್ಚ. ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ ಅದರಿಂದ ‘ಜೀವನಿ’ ಎಂಬ ಔಷಧಿ ತಯಾರಿಸಿ, 1995ರಲ್ಲಿ ಒಂದು ಕಂಪನಿಗೆ ಹಕ್ಕು ಕೊಟ್ಟು, ಬಂದ ಹಣದಲ್ಲಿ ಅರ್ಧ ಭಾಗವನ್ನು ಕಾಣಿ ಜನರಿಗೆ ಮೀಸಲಿಟ್ಟಿತು. ಆದರೂ ನಮ್ಮನ್ನು ಕೇಳಲಿಲ್ಲವೆಂದು ಬೇರೆ ಕಡೆಯ ಕಾಣಿಗಳು ಆಕ್ಷೇಪಿಸಿದರು. ಒಬ್ಬಿಬ್ಬರನ್ನು ಕೇಳಿದರೆ ಸಾಲದು, ಊರಿನವರನ್ನೆಲ್ಲ ಕೂಡಿಸಿ ಮಾತನಾಡಬೇಕು.

ಹೇಳಿದರೆ ಔಷಧಿಯ ಗುಣ ಹೋಗುತ್ತದೆಂಬ ನಂಬಿಕೆ ಕೆಲ ವೈದ್ಯರಲ್ಲಿದೆ. ಒತ್ತಾಯ ಬೇಡ. ಗಿಡದ ಹೆಸರನ್ನಷ್ಟೇ ಹೇಳಿ ತಯಾರಿಕೆಯನ್ನು ಬಿಟ್ಟರೆ ಅಷ್ಟನ್ನೇ ಬರೆದುಕೊಳ್ಳಿ.

ಹೆಸರಿನಲ್ಲಿಯೇ ಮೋಸ ಹೋಗುವುದು ಹೆಚ್ಚು. ಬ್ರಾಹ್ಮಿ ಎಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಇವೆರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಆದುದರಿಂದ ಹೂವು ಅಥವಾ ಕಾಯಿ ಇರುವ ರೆಂಬೆಯನ್ನು ಹಳೆಯ ವೃತ್ತಪತ್ರಿಕೆಯ ನಡುವೆ ಇಟ್ಟು ಮೇಲೆ ಭಾರ ಹೇರಿ ಒಣಗಿಸಬೇಕು. ಕಾಗದವನ್ನು ಪ್ರತಿದಿನ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಊರು, ತಾರೀಖು, ಗಿಡ ಬೆಳೆದ ಜಾಗ, ಅಲ್ಲಿ ಕರೆಯುವ ಹೆಸರು, ಹೇಳಿದವರು ಒಪ್ಪಿದರೆ ಅವರ ಹೆಸರು, ಇಷ್ಟನ್ನೂ ಚೀಟಿಯಲ್ಲಿ ಬರೆಯಿರಿ. ಗುಲ್ಬರ್ಗ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಂಥ ಕಡೆ ತೋರಿಸಿ ಗುರುತು ಖಚಿತ ಮಾಡಿಕೊಳ್ಳಬಹುದು.

ಬರೆದಿಟ್ಟ ಮಾತ್ರಕ್ಕೆ ಔಷಧಿಯ ಗುಣ ಸಿದ್ಧವಾಯಿತೆಂದು ತಿಳಿಯಬಾರದು. ಹಾವು ಕಚ್ಚಿದವರನ್ನು ಬೇರು ಅರೆಯುತ್ತ ಕೂರಿಸಿಕೊಳ್ಳದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ವಿಷನಿರೋಧಕ ಚುಚ್ಚುಮದ್ದೇ ಅದಕ್ಕೆ ಮದ್ದು.

2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು. ಬರೆದುದನ್ನು ವೈದ್ಯರಿಗೆ ಕನ್ನಡದಲ್ಲಿ, ತಾಂಡಾದಲ್ಲಾದರೆ ಲಂಬಾಣಿ ಬಲ್ಲವರಿಂದ ಓದಿಸಿ ಹೇಳಿ. ಅವರು ಹೊಡೆದುಹಾಕಲು ಹೇಳಿದ್ದನ್ನು ಹೊಡೆದುಹಾಕಿ, ಒಂದು ಪ್ರತಿಯನ್ನು ಅವರ ಮನೆಯಲ್ಲಿಯೇ ಬಿಟ್ಟು, ಅವರು ಒಪ್ಪಿದರೆ ಇನ್ನೊಂದನ್ನು ಸಮಿತಿಗೆ ಕೊಡಿ.