ದೊಡ್ಡಮ್ಮನ ಜಗಲಿಯಲ್ಲಿ ಕಲಿತ ಆರು ಪಾಠಗಳು

ಪರ್ಕಳದಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಮಣಿಪಾಲ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಟ್ಟಿದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಅಲ್ಲೇ ಇದೆ. ಆದರೂ ರಾತ್ರಿ ಒಂಬತ್ತಕ್ಕೆ ಹುಟ್ಟುವ ಸಣ್ಣ ಸಂಶಯಕ್ಕೆ ನಮ್ಮ ಹಿರಿಯರು ಉತ್ತರ ಹುಡುಕುವುದು ಮೊಬೈಲಿನಲ್ಲಿ. ಅಂಥವರಿಗಾಗಿ ನಾನು ಅಂತರ್ಜಾಲಕ್ಕೆ ಆರೋಗ್ಯದ ಬರಹಗಳನ್ನು ಬರೆಯುತ್ತೇನೆ. ಪ್ರಕಟಿಸುವ ಮೊದಲು ಪ್ರತಿಯೊಂದನ್ನೂ ನೆರೆಮನೆಯ ದೊಡ್ಡಮ್ಮನ ಜಗಲಿಗೆ ಒಯ್ಯುತ್ತೇನೆ. ಅಲ್ಲಿ ಕಲಿತದ್ದು ಇಷ್ಟು.

1. ಕಾಯಿಲೆಯನ್ನು ಜನ ಕರೆಯುವ ಹೆಸರಿನಿಂದಲೇ ಕರೆಯಿರಿ

ದೊಡ್ಡಮ್ಮನ ಮನೆಮಾತು ತುಳು, ಓದು ಕನ್ನಡ. ‘ಬಾಹ್ಯ ನರರೋಗ’ ಎನ್ನುವುದು ಅವರಿಗೆ ಎರಡರಲ್ಲೂ ಇಲ್ಲ. ಅವರು ಮೊಬೈಲಿಗೆ ಹೇಳುವುದು, “ಶುಗರ್ ಇದ್ದವರಿಗೆ ಕಾಲಡಿ ಉರಿ” ಎಂದು. ಈಗ ನನ್ನ ತಲೆಬರಹವೂ ಅದೇ. ವೈದ್ಯಕೀಯ ಹೆಸರನ್ನು ಕೆಳಗೆ ಒಮ್ಮೆ ಕೊಡುತ್ತೇನೆ, ಡಾಕ್ಟರರ ಚೀಟಿಯಲ್ಲಿ ಕಂಡಾಗ ಗುರುತು ಸಿಗಲಿ ಎಂದು.

2. ಮಾಡಬೇಕಾದದ್ದು ಮೊದಲ ಸಾಲಿನಲ್ಲಿರಲಿ

ಇಲಿ ಜ್ವರದ ಬಗ್ಗೆ ಬರೆದಾಗ ನಾನು ರೋಗಾಣುವಿನ ವರ್ಣನೆಯಿಂದ ಶುರುಮಾಡಿದ್ದೆ. ದೊಡ್ಡಮ್ಮ ಎರಡು ಸಲ ಬೆರಳಿನಿಂದ ಸರಿಸಿ ಮೊಬೈಲ್ ಕೆಳಗಿಟ್ಟರು. ಈಗ ಮೊದಲ ಸಾಲು ಹೀಗಿದೆ: “ಗದ್ದೆಗೋ ಕೆಸರು ನೀರಿಗೋ ಇಳಿದ ಮೇಲಿನ ದಿನಗಳಲ್ಲಿ ಜ್ವರ ಬಂದರೆ ತಡಮಾಡದೆ ಡಾಕ್ಟರರಿಗೆ ತೋರಿಸಿ, ನೀರಿಗೆ ಇಳಿದದ್ದನ್ನೂ ಹೇಳಿ.” ಇಲಿಯ ಮೂತ್ರ ಸೇರಿದ ನೀರಿನಿಂದ, ಕಾಲಿನ ಗಾಯದ ಮೂಲಕ ರೋಗ ಒಳಹೊಗುವ ಕತೆ ಆಮೇಲೆ ಬರುತ್ತದೆ.

3. ಅಕ್ಷರ ಕಣ್ಣಿಗೂ ಸಿಗಲಿ, ಕಿವಿಗೂ ಸಿಗಲಿ

ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ವ್ಯತ್ಯಾಸ ಕನಿಷ್ಠ 4.5:1 ಇರಬೇಕು, ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದರೂ ಪುಟ ಕೆಡಬಾರದು ಎನ್ನುತ್ತದೆ ಅಂತಾರಾಷ್ಟ್ರೀಯ ಮಾರ್ಗಸೂಚಿ. ಕನ್ನಡಕ್ಕೆ ಇನ್ನೊಂದು ಬೇಕು: ಸಾಲುಗಳ ನಡುವೆ ಧಾರಾಳ ಜಾಗ. ‘ರಕ್ತ’ದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದರೆ ಪೊರೆಯ ಆಪರೇಶನ್ ಆದ ಕಣ್ಣಿಗೂ ಕಷ್ಟ. ಬರಹ ಯೂನಿಕೋಡಿನಲ್ಲಿದ್ದರೆ ಮೊಬೈಲೇ ಗಟ್ಟಿಯಾಗಿ ಓದಿ ಹೇಳುತ್ತದೆ. ಮಾಹಿತಿಯನ್ನೆಲ್ಲ ಪೋಸ್ಟರಿನ ಚಿತ್ರವಾಗಿ ಹಾಕಿದರೆ ಆ ದಾರಿ ಕಷ್ಟವಾಗುತ್ತದೆ.

4. ಓದುವುದಕ್ಕೆ ಒಟಿಪಿ ಕೇಳಬೇಡಿ

2024ರ ಅಕ್ಟೋಬರಿನಲ್ಲಿ 70 ದಾಟಿದವರೆಲ್ಲರಿಗೂ, ಆದಾಯ ನೋಡದೆ, ಆಯುಷ್ಮಾನ್ ಯೋಜನೆ ತೆರೆಯಿತು. ಕಾರ್ಡಿಗೆ ಆಧಾರ್ ಪರಿಶೀಲನೆ ಬೇಕು, ಸರಿ. ಆದರೆ ನಮ್ಮೂರಿನ ಎಷ್ಟೋ ಹಿರಿಯರ ಆಧಾರ್‌ಗೆ ಜೋಡಿಸಿದ್ದು ಮುಂಬೈಯಲ್ಲೋ ದುಬೈಯಲ್ಲೋ ಇರುವ ಮಗನ ನಂಬರ್. ಒಟಿಪಿ ಅಲ್ಲಿಗೆ ಹೋಗುತ್ತದೆ, ಅಮ್ಮ ಇಲ್ಲಿ ಕಾಯುತ್ತಾರೆ. ಬರೀ ತಿಳಿವಳಿಕೆಯ ಪುಟಕ್ಕೂ ಇಂಥ ಬಾಗಿಲು ಇಡುವುದು ಅನ್ಯಾಯ.

5. ಪುಟದ ಕೊನೆಯಲ್ಲಿ ಒಬ್ಬ ಮನುಷ್ಯನ ದನಿ ಸಿಗಲಿ

ಎಷ್ಟು ಚೆನ್ನಾಗಿ ಬರೆದರೂ ಓದಿದವರಿಗೆ ಒಂದು ಪ್ರಶ್ನೆ ಉಳಿಯುತ್ತದೆ. ತುರ್ತಿಗೆ 108, ಹಿರಿಯರ ಸಹಾಯವಾಣಿಗೆ 14567 ಎಂದು ದೊಡ್ಡ ಅಂಕಿಯಲ್ಲಿ ಹಾಕುತ್ತೇನೆ. ಮುಟ್ಟಿದರೆ ಕರೆ ಹೋಗಬೇಕು, ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳುವ ಕಷ್ಟ ಇರಬಾರದು.

6. “ಗೊತ್ತಾಯ್ತಾ?” ಎಂದು ಕೇಳಬೇಡಿ

ಹಾಗೆ ಕೇಳಿದರೆ ಹಿರಿಯರು ನಮ್ಮ ಮನಸ್ಸು ನೋಯಬಾರದೆಂದು “ಹೌದು” ಎನ್ನುತ್ತಾರೆ. ಬಿಪಿ ಇದ್ದವರ ಉಪ್ಪಿನ ಬಗ್ಗೆ ಬರೆದಿದ್ದೆ. ‘ದಿನಕ್ಕೆ 2 ಗ್ರಾಂ ಸೋಡಿಯಂ’ ಎಂಬುದನ್ನು ಬಿಟ್ಟು, ಇಡೀ ದಿನಕ್ಕೆ ಒಟ್ಟು ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು, ಅಂದರೆ 5 ಗ್ರಾಂ ಒಳಗೆ, ಎಂದು ಅಡುಗೆಮನೆಯ ಅಳತೆಗೆ ತಂದಿದ್ದೆ. ದೊಡ್ಡಮ್ಮ ತಲೆಯಾಡಿಸಿದರು.

“ಹಾಗಾದರೆ ಇವತ್ತು ರಾತ್ರಿ ಊಟಕ್ಕೆ ಎಂತ ಮಾಡ್ತೀರಿ ದೊಡ್ಡಮ್ಮ?”

“ಗಂಜಿಗೆ ಉಪ್ಪು ಹಾಕುದಿಲ್ಲ ಮಗಾ. ಎರಡು ಮಿಡಿ ಉಪ್ಪಿನಕಾಯಿ ಇದ್ದರೆ ಸಾಕು.”

ತಪ್ಪು ಅವರದ್ದಲ್ಲ. ಉಪ್ಪು ಎಂದರೆ ಭರಣಿಯ ಉಪ್ಪು ಮಾತ್ರವೆಂಬಂತೆ ಬರೆದವಳು ನಾನು. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಉಪ್ಪುಸೊಳೆ, ಇವೆಲ್ಲ ಆ ಒಂದು ಚಮಚದ ಲೆಕ್ಕಕ್ಕೇ ಬರುತ್ತವೆ ಎಂದು ಅಲ್ಲೇ ಕುಳಿತು ಸೇರಿಸಿದೆ. ಮತ್ತೆ ಓದಿಸಿ, ಅದೇ ಪ್ರಶ್ನೆ ಕೇಳಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಅಂಗಳ ನೋಡಿದರು.

“ಹಾಗಾದರೆ ಅರ್ಧ ಮಿಡಿ. ನಾಳೆಗೆ ಉಳಿದರ್ಧ.”

ಆ ಪುಟವನ್ನು ಅವತ್ತೇ ಸಂಜೆ ಪ್ರಕಟಿಸಿದೆ.