ಫೇಸ್‌ಬುಕ್ ಬಳಕೆ: ಹೊಸಬರಿಗೆ ಮೊದಲ ಪಾಠ

ಬೇಸಾಯದ ಹೊಸ ವಿಷಯಗಳು ಬೆಳೆಗಾರನನ್ನು ತಲುಪುವ ದಾರಿ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ನೆರೆಮನೆಯವರ ಅನುಭವ, ಸಂತೆಯ ಮಾತು, ಆಕಾಶವಾಣಿಯ ಕೃಷಿ ಕಾರ್ಯಕ್ರಮ, ಸಹಕಾರ ಸಂಘದ ಪತ್ರಿಕೆ, ಇವು ಹಿಂದಿನಿಂದಲೂ ಇದ್ದ ಸಾಧನಗಳು. ಈಗ ಇವುಗಳ ಜೊತೆಗೆ ಮೊಬೈಲ್ ಫೋನು ಸೇರಿಕೊಂಡಿದೆ. ನಮ್ಮ ಸದಸ್ಯರಲ್ಲಿ ಹಲವರು ವಾಟ್ಸಾಪನ್ನು ರೂಢಿ ಮಾಡಿಕೊಂಡಿದ್ದಾರೆ. ಆದರೆ ಫೇಸ್‌ಬುಕ್ ಎಂದರೆ ಹುಡುಗರ ಆಟವೆಂದು ದೂರ ಉಳಿದವರೂ, ಮಕ್ಕಳು ತೆರೆದುಕೊಟ್ಟ ಖಾತೆಯನ್ನು ಹೇಗೆ ಬಳಸುವುದೆಂದು ತಿಳಿಯದವರೂ ಇದ್ದಾರೆ. ಅಂಥವರಿಗೆ ನೆರವಾಗಲೆಂದು ಈ ಪಾಠವನ್ನು ಸಿದ್ಧಪಡಿಸಿದ್ದೇವೆ.

ಫೇಸ್‌ಬುಕ್ ಎಂದರೇನು?

2004ರ ಫೆಬ್ರವರಿಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಾರ್ಕ್ ಜುಕರ್‌ಬರ್ಗ್ ತನ್ನ ಸಹಪಾಠಿಗಳೊಡನೆ ಇದನ್ನು ಪ್ರಾರಂಭಿಸಿದರು. ಮೊದಲು ಇದು ಅಲ್ಲಿನ ವಿದ್ಯಾರ್ಥಿಗಳಿಗೆ ಮಾತ್ರ ಇತ್ತು. 2006ರ ಸೆಪ್ಟೆಂಬರಿನಿಂದ 13 ವರ್ಷ ತುಂಬಿದ ಎಲ್ಲರಿಗೂ ಬಾಗಿಲು ತೆರೆಯಿತು. ವಾಟ್ಸಾಪ್ ಕೂಡ 2014ರಿಂದ ಇದೇ ಕಂಪನಿಗೆ ಸೇರಿದೆ. 2021ರ ಅಕ್ಟೋಬರಿನಲ್ಲಿ ಕಂಪನಿಯ ಹೆಸರು ಮೆಟಾ ಎಂದಾಯಿತು.

ವಾಟ್ಸಾಪಿಗೂ ಫೇಸ್‌ಬುಕ್ಕಿಗೂ ಇರುವ ಮುಖ್ಯ ವ್ಯತ್ಯಾಸವನ್ನು ಮೊದಲೇ ಅರಿತಿರಬೇಕು. ವಾಟ್ಸಾಪಿನಲ್ಲಿ ಬರೆಯುವುದು ಗೊತ್ತಿದ್ದವರಿಗೆ ಕಾಗದ ಬರೆದಂತೆ. ಫೇಸ್‌ಬುಕ್ಕಿನಲ್ಲಿ ಬರೆಯುವುದು ಸಂತೆಯಲ್ಲಿ ನಿಂತು ಮಾತನಾಡಿದಂತೆ. ನಮ್ಮವರೂ ಕೇಳುತ್ತಾರೆ, ಪರಿಚಯವಿಲ್ಲದವರೂ ಕೇಳುತ್ತಾರೆ. ಸಂತೆಯಲ್ಲಿ ಒಳ್ಳೆಯ ಬಿತ್ತನೆ ಬೀಜವೂ ಸಿಗುತ್ತದೆ, ಜೇಬುಗಳ್ಳರೂ ಇರುತ್ತಾರೆ. ಹಾಗೆಂದು ನಾವು ಸಂತೆಗೆ ಹೋಗುವುದನ್ನು ಬಿಡುವುದಿಲ್ಲ. ಜೇಬಿನ ಮೇಲೆ ಕೈಯಿಟ್ಟುಕೊಂಡು ಹೋಗುತ್ತೇವೆ. ಫೇಸ್‌ಬುಕ್ಕಿಗೂ ಇದೇ ನೀತಿ.

ಖಾತೆ ತೆರೆಯಲು ಹಣ ಕೊಡಬೇಕಾಗಿಲ್ಲ. ಕಂಪನಿಗೆ ಆದಾಯ ಬರುವುದು ಮುಖ್ಯವಾಗಿ ಜಾಹೀರಾತಿನಿಂದ. ನಾವು ಯಾವುದನ್ನು ಹೆಚ್ಚು ಹೊತ್ತು ನೋಡುತ್ತೇವೆಯೋ ಅಂಥದನ್ನೇ ಅದು ಮತ್ತೆ ಮತ್ತೆ ಮುಂದಿಡುತ್ತದೆ. ಇಳುವರಿ ದುಪ್ಪಟ್ಟಾಗುವ ಗೊಬ್ಬರದ ಜಾಹೀರಾತನ್ನು ಒಮ್ಮೆ ಕುತೂಹಲದಿಂದ ನೋಡಿದರೆ, ಮರುದಿನ ಅಂಥವೇ ನಾಲ್ಕು ಎದುರಿಗೆ ಬರಬಹುದು. ಪದೇ ಪದೇ ಕಂಡಿತೆಂಬ ಕಾರಣಕ್ಕೆ ಅದು ನಿಜವೆಂದು ತಿಳಿಯಬಾರದು.

ಖಾತೆ ತೆರೆಯುವ ಕ್ರಮ

1. ಫೋನಿನ ಪ್ಲೇ ಸ್ಟೋರಿನಿಂದ ಫೇಸ್‌ಬುಕ್ ಆ್ಯಪನ್ನು ಇಳಿಸಿಕೊಳ್ಳಬೇಕು. ಬೇರೆಯವರು ಕಳುಹಿಸಿದ ಕೊಂಡಿಯಿಂದ ಇಳಿಸಿಕೊಳ್ಳಬಾರದು. ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ.

2. ಹೆಸರು, ಹುಟ್ಟಿದ ದಿನಾಂಕ ಮತ್ತು ಸ್ವಂತ ಮೊಬೈಲ್ ಸಂಖ್ಯೆಯನ್ನು ತುಂಬಬೇಕು. ಆ ಸಂಖ್ಯೆಗೆ ಬರುವ ಗುಟ್ಟಿನ ಅಂಕಿಯನ್ನು ಆ್ಯಪಿನಲ್ಲಿ ನಮೂದಿಸಬೇಕು. ಈ ಅಂಕಿಯನ್ನು ಫೋನಿನಲ್ಲಿ ಯಾರು ಕೇಳಿದರೂ ಹೇಳಕೂಡದು.

3. ಪಾಸ್‌ವರ್ಡ್ ಎಂಬುದು ಮನೆಯ ಬೀಗದ ಕೈ ಇದ್ದ ಹಾಗೆ. ಊರಿನ ಹೆಸರು, ಮಕ್ಕಳ ಹೆಸರು, ಹುಟ್ಟಿದ ವರ್ಷ ಬೇಡ. ಬ್ಯಾಂಕಿಗೆ ಬಳಸುವ ಪಾಸ್‌ವರ್ಡನ್ನು ಇಲ್ಲಿ ಬಳಸಲೇಬಾರದು.

4. ಸೆಟ್ಟಿಂಗ್ಸ್ ವಿಭಾಗದಲ್ಲಿ ಎರಡು ಹಂತದ ಪರಿಶೀಲನೆ ಎಂಬ ವ್ಯವಸ್ಥೆಯಿದೆ. ಇದನ್ನು ಮಾಡಿಕೊಂಡರೆ, ಪಾಸ್‌ವರ್ಡ್ ಬೇರೆಯವರಿಗೆ ತಿಳಿದರೂ ಎರಡನೆಯ ಅಂಕಿಯಿಲ್ಲದೆ ಅವರು ಒಳಗೆ ಬರಲಾರರು. ಮನೆಯ ಓದುವ ಮಕ್ಕಳ ಸಹಾಯದಿಂದ ಇದನ್ನು ಮೊದಲ ದಿನವೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಯಾರಿಗೆ ಕಾಣಬೇಕು?

ಬರೆದುದನ್ನು ಪ್ರಕಟಿಸುವ ಮುನ್ನ ಅದು ಯಾರಿಗೆ ಕಾಣಬೇಕೆಂದು ಗೊತ್ತುಮಾಡಬಹುದು. ಸಾರ್ವಜನಿಕ ಎಂದಿಟ್ಟರೆ ಲೋಕಕ್ಕೆಲ್ಲ ಕಾಣುತ್ತದೆ. ಸ್ನೇಹಿತರು ಎಂದಿಟ್ಟರೆ ನಾವು ಒಪ್ಪಿಕೊಂಡವರಿಗೆ ಮಾತ್ರ. ಹೊಸಬರು ಎರಡನೆಯದನ್ನೇ ಇಟ್ಟುಕೊಳ್ಳುವುದು ಕ್ಷೇಮ. ನಮ್ಮ ದೇಶದ ಬಳಕೆದಾರರಿಗೆ 2020ರಿಂದ ಪ್ರೊಫೈಲಿಗೆ ಬೀಗ ಹಾಕುವ ಅನುಕೂಲವನ್ನೂ ಕೊಡಲಾಗಿದೆ.

ಒಂದು ಖಾತೆಗೆ 5,000 ಸ್ನೇಹಿತರವರೆಗೆ ಅವಕಾಶವಿದೆ. ಹಾಗೆಂದು ಬಂದ ಕೋರಿಕೆಗಳನ್ನೆಲ್ಲ ಒಪ್ಪಿಕೊಳ್ಳಬೇಕಾಗಿಲ್ಲ. ಮನೆಯ ಜಗಲಿಯಲ್ಲಿ ಕುಳ್ಳಿರಿಸಿ ಕಾಫಿ ಕೊಡಬಹುದಾದವರನ್ನು ಒಪ್ಪಿಕೊಂಡರೆ ಸಾಕು.

ಅಂಗಳದಲ್ಲಿ ಹರವಿದ ಅಡಿಕೆ, ಕಣದಲ್ಲಿ ಒಣಗುತ್ತಿರುವ ಕಾಫಿ, ಚೀಲ ಕಟ್ಟಿಟ್ಟ ಕರಿಮೆಣಸು, ಇವುಗಳ ಚಿತ್ರ ಹಾಕಲು ಯಾರಿಗೂ ಆಸೆಯಾಗುವುದು ಸಹಜ. ಆದರೆ ಕುಯ್ಲಿನ ಕಾಲದಲ್ಲಿ ಕಳವಿನ ಭಯವಿರುವುದು ಎಲ್ಲರಿಗೂ ಗೊತ್ತು. ಮಾಲು ಮಾರಾಟವಾದ ಮೇಲೆ ಚಿತ್ರ ಹಾಕಿದರೂ ಅದರ ಅಂದವೇನೂ ಕಡಿಮೆಯಾಗದು. ಮನೆಮಂದಿಯೆಲ್ಲ ಯಾತ್ರೆಗೆ ಹೊರಟ ಸುದ್ದಿಯನ್ನೂ ಮರಳಿ ಬಂದ ಮೇಲೆಯೇ ತಿಳಿಸಬೇಕು.

ಗುಂಪಿನಲ್ಲಿ ಪ್ರಶ್ನೆ ಕೇಳುವ ಬಗೆ

ಬೆಳೆಗಾರರಿಗೆ ಫೇಸ್‌ಬುಕ್ಕಿನಿಂದ ಹೆಚ್ಚಿನ ಪ್ರಯೋಜನ ದೊರೆಯುವುದು ಗುಂಪುಗಳಲ್ಲಿ. ಹುಡುಕುವ ಜಾಗದಲ್ಲಿ ಅಡಿಕೆ, ಕಾಫಿ, ಕಾಳುಮೆಣಸು ಎಂದು ಬರೆದರೆ ಸಂಬಂಧಪಟ್ಟ ಗುಂಪುಗಳು ಕಾಣುತ್ತವೆ. ಸೇರಿದ ಮೇಲೆ ಕೆಲವು ದಿನ ಸುಮ್ಮನೆ ಓದುತ್ತಿರಬೇಕು. ಯಾರ ಮಾತಿನಲ್ಲಿ ತೂಕವಿದೆ, ಯಾರು ಸರಕು ಮಾರಲು ಬಂದವರು ಎಂಬುದು ತಾನಾಗಿ ತಿಳಿಯುತ್ತದೆ.

'ಅಡಿಕೆ ಸೋಗೆ ಹಳದಿಯಾಗಿದೆ, ಏನು ಮಾಡಲಿ?' ಎಂದಷ್ಟೇ ಕೇಳಿದರೆ ಹತ್ತು ಜನ ಹತ್ತು ಔಷಧಿ ಹೇಳುತ್ತಾರೆ. ಸೋಗೆ ಹಳದಿಯಾಗಲು ಹಳದಿ ಎಲೆ ರೋಗವೇ ಕಾರಣವಾಗಬೇಕಿಲ್ಲ. ಬುಡದಲ್ಲಿ ನೀರು ನಿಂತರೂ, ಪೋಷಕಾಂಶ ಸಾಲದಿದ್ದರೂ ಹಾಗಾಗಬಹುದು. ಆದುದರಿಂದ ಪ್ರಶ್ನೆಯಲ್ಲಿ ಈ ವಿವರಗಳಿರಬೇಕು: ತಾಲ್ಲೂಕು, ತೋಟ ಗದ್ದೆಯಲ್ಲಿದೆಯೋ ಗುಡ್ಡದಲ್ಲಿದೆಯೋ, ಮರದ ವಯಸ್ಸು, ತೊಂದರೆ ಯಾವಾಗ ಮೊದಲಾಯಿತು, ಎಷ್ಟು ಮರಗಳಿಗಿದೆ, ಹಿಂದೆ ಯಾವ ಗೊಬ್ಬರ ಮತ್ತು ಔಷಧಿ ಕೊಡಲಾಗಿದೆ. ಹಗಲಿನ ಬೆಳಕಿನಲ್ಲಿ ತೆಗೆದ ಮೂರು ಚಿತ್ರಗಳಿದ್ದರೆ ಉತ್ತಮ: ಇಡೀ ಮರದ್ದು ಒಂದು, ಎಲೆಯ ಮೇಲ್ಭಾಗದ್ದು ಒಂದು, ಕೆಳಭಾಗದ್ದು ಒಂದು. ಪ್ರಶ್ನೆ ಸರಿಯಿದ್ದರೆ ಅರ್ಧ ಉತ್ತರ ದೊರೆತಂತೆಯೇ.

ನಂಬುವ ಮುನ್ನ ಅಳೆದು ನೋಡಬೇಕು

ಔಷಧಿಯ ವಿಷಯ: ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ದ್ರಾವಣ ಬೇಕು. ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಅರೇಬಿಕಾ ಕಾಫಿಯ ಎಲೆ ತುಕ್ಕು ರೋಗಕ್ಕೆ ಶೇಕಡಾ 0.5 ಸಾಕು, ಅಂದರೆ ಇವೆರಡೂ ಅರ್ಧರ್ಧ ಕಿಲೋ. ಬೆಳೆಯ ಹೆಸರಿಲ್ಲದೆ ಬರೀ ಪ್ರಮಾಣವನ್ನು ಬರೆದ ಸಲಹೆಯನ್ನು ಓದಿ ಸಿಂಪಡಿಸಿದರೆ ಗತಿಯೇನು?

ದಿನಾಂಕವನ್ನೂ ನೋಡಬೇಕು. ಕಾಫಿಯ ಬಿಳಿ ಕಾಂಡಕೊರಕಕ್ಕೆ ಹಿಂದೆ ಲಿಂಡೇನ್ ಬಳಸುವ ರೂಢಿಯಿತ್ತು. 2013ರ ಮಾರ್ಚ್‌ನಿಂದ ನಮ್ಮ ದೇಶದಲ್ಲಿ ಅದರ ಬಳಕೆ ನಿಷಿದ್ಧವಾಗಿದೆ. ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟು ತಡೆಯಿತು. ಆದರೆ ಹಳೆಯ ಬರಹವನ್ನು ಯಾರಾದರೂ ಹಂಚಿದರೆ ಅದು ಹೊಸದರಂತೆಯೇ ಕಾಣುತ್ತದೆ. ಆದಕಾರಣ ಔಷಧಿ ಕೊಳ್ಳುವ ಮೊದಲು, ಅಡಿಕೆಯಾದರೆ ವಿಟ್ಲದ ಕೇಂದ್ರದವರನ್ನೋ ತೋಟಗಾರಿಕೆ ಇಲಾಖೆಯವರನ್ನೋ, ಕಾಫಿಯಾದರೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರನ್ನೋ ಕಾಫಿ ಮಂಡಳಿಯ ವಿಸ್ತರಣಾ ಸಿಬ್ಬಂದಿಯನ್ನೋ ವಿಚಾರಿಸಬೇಕು.

ಧಾರಣೆಯ ವಿಷಯ: 'ಅಡಿಕೆ ಏರಿತು, ಕಾಫಿ ಇಳಿಯಿತು' ಎಂಬ ಸುದ್ದಿಗೆ ನಾಲ್ಕು ಪ್ರಶ್ನೆ ಹಾಕಬೇಕು. ಯಾವ ಬಗೆ? ಯಾವ ಪೇಟೆ? ಯಾವ ದಿನ? ಎಷ್ಟು ತೂಕಕ್ಕೆ? ಕರಾವಳಿಯಲ್ಲಿ ಚಾಲಿ ಅಡಿಕೆಯ ದರ ಹೇಳುವುದು ಕಿಲೋ ಲೆಕ್ಕದಲ್ಲಿ, ಶಿವಮೊಗ್ಗ ಪೇಟೆಯಲ್ಲಿ ಕ್ವಿಂಟಾಲ್ ಲೆಕ್ಕದಲ್ಲಿ, ಕಾಫಿಯದು 50 ಕಿಲೋ ಚೀಲದ ಲೆಕ್ಕದಲ್ಲಿ. ಈ ನಾಲ್ಕಕ್ಕೂ ಉತ್ತರವಿಲ್ಲದ ಧಾರಣೆ ಧಾರಣೆಯೇ ಅಲ್ಲ. ಅಂಥ ಸುದ್ದಿಗೆ ಹೆದರಿ ಅವಸರದಿಂದ ಮಾಲು ಕೊಟ್ಟವರಿಗೆ ಆಗುವ ನಷ್ಟವನ್ನು ಸುದ್ದಿ ಹಬ್ಬಿಸಿದವರು ತುಂಬಿಕೊಡುವುದಿಲ್ಲ.

ಸಸಿಯ ವಿಷಯ: ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದು ವರ್ಷದಷ್ಟು ಕಾಲ ಬೇಕು. ಜಾಹೀರಾತಿನ ಚಿತ್ರ ನೋಡಿ ಹಣ ಕಳುಹಿಸಿ ತರಿಸಿದ ಸಸಿ ಹೇಳಿದ ತಳಿಯದ್ದಲ್ಲವೆಂದು ತಿಳಿಯುವಾಗ ಹಣ ಮಾತ್ರವಲ್ಲ, ಐದು ವರ್ಷವೂ ಹೋಗಿರುತ್ತದೆ. ಸಸಿಯನ್ನು ನರ್ಸರಿಗೆ ಹೋಗಿ, ತಾಯಿಮರದ ವಿಚಾರ ಕೇಳಿ, ರಸೀದಿ ಪಡೆದು ಕೊಳ್ಳುವುದೇ ಸರಿಯಾದ ಕ್ರಮ.

ಮೋಸದ ಬಗೆಗಳು

ಪರಿಚಯದವರ ಹೆಸರು ಮತ್ತು ಚಿತ್ರ ಕದ್ದು ಇನ್ನೊಂದು ಖಾತೆ ತೆರೆದು, 'ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಬೇಕು' ಎಂದು ಬರೆಯುವುದು ಒಂದು ಬಗೆ. ವರ್ಗವಾದ ಅಧಿಕಾರಿಯ ಪೀಠೋಪಕರಣ ಅಗ್ಗಕ್ಕೆ ಸಿಗುತ್ತದೆ ಎಂದು ಮುಂಗಡ ಕೇಳುವುದು ಇನ್ನೊಂದು. ಹಣ ಕೇಳಿ ಬರಹ ಬಂದರೆ ಮರುತ್ತರ ಬರೆಯದೆ, ಆ ವ್ಯಕ್ತಿಯ ಹಳೆಯ ಸಂಖ್ಯೆಗೆ ಫೋನು ಮಾಡಿ ಅವರ ದನಿಯನ್ನೇ ಕೇಳಬೇಕು.

ಜೇನು, ಮೆಣಸು, ಕಾಫಿಪುಡಿ ಮಾರುವವರಿಗೆ ಬೇರೊಂದು ಬಲೆ ಇದೆ. ಕೊಳ್ಳುವವನಂತೆ ನಟಿಸಿ ಚೌಕದ ಸಂಕೇತವೊಂದನ್ನು ಕಳುಹಿಸುತ್ತಾರೆ. 'ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಿಮಗೆ ಹಣ ಬರುತ್ತದೆ' ಎನ್ನುತ್ತಾರೆ. ಒಂದೇ ಸೂತ್ರ ನೆನಪಿರಲಿ: ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು; ಹಣ ಪಡೆಯಲು ಎಂದೂ ಬೇಡ.

ಹಣ ಹೋದುದು ಗೊತ್ತಾದ ಕೂಡಲೇ 1930 ಎಂಬ ಸಹಾಯವಾಣಿಗೆ ಕರೆ ಮಾಡಬೇಕು; ಬ್ಯಾಂಕಿಗೂ ತಿಳಿಸಬೇಕು. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮೊದಲೇ ತಡೆಹಿಡಿಯಲು ಸಾಧ್ಯವಾಗಬಹುದು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಆ ಅವಕಾಶ ಕೈತಪ್ಪುತ್ತದೆ. ಮೋಸ ಹೋದವರನ್ನು ಮನೆಯವರು ಹೀಯಾಳಿಸದಿರುವುದೂ ಅಷ್ಟೇ ಮುಖ್ಯ. ಬೈಗುಳದ ಭಯವೇ ಎಷ್ಟೋ ಮಂದಿಯ ಬಾಯಿ ಕಟ್ಟುತ್ತದೆ.

ಸದಸ್ಯರಲ್ಲಿ ವಿನಂತಿ

ಮೇಲೆ ಹೇಳಿದ ಎಚ್ಚರಿಕೆಗಳನ್ನು ಓದಿ ಫೇಸ್‌ಬುಕ್ಕೇ ಬೇಡವೆಂದು ಯಾರೂ ತೀರ್ಮಾನಿಸಬಾರದು. ಎರಡು ಎಕರೆಯ ಬೆಳೆಗಾರನೊಬ್ಬ ತನ್ನ ಮರದ ತೊಂದರೆಯನ್ನು ಮನೆಯಲ್ಲೇ ಕುಳಿತು ನೂರಾರು ಬೆಳೆಗಾರರ ಮುಂದಿಡಬಲ್ಲ ಅನುಕೂಲ ಹಿಂದೆ ಇರಲಿಲ್ಲ. ಒಬ್ಬನ ಅನುಭವ ಹತ್ತು ಜನರಿಗೆ ಒದಗುವುದೇ ಸಹಕಾರದ ತಿರುಳು. ಆದುದರಿಂದ ಕೇಳುವುದಕ್ಕೆ ಮಾತ್ರವಲ್ಲ, ಹೇಳುವುದಕ್ಕೂ ಮುಂದಾಗಬೇಕು. ತಾವು ಮಾಡಿ ನೋಡಿದ್ದನ್ನು ಊರು, ದಿನಾಂಕ, ಪ್ರಮಾಣಗಳೊಡನೆ ಬರೆಯಬೇಕು. ಫಲ ಸಿಗದಿದ್ದರೆ ಅದನ್ನೂ ಬರೆಯಬೇಕು. ತಾವೇ ಪರೀಕ್ಷಿಸದ ಸಲಹೆಯನ್ನು, ಖಚಿತವಿಲ್ಲದ ಧಾರಣೆಯನ್ನು ಇನ್ನೊಬ್ಬರಿಗೆ ದಾಟಿಸಬಾರದು. ನಾವು ಹಂಚಿದ ತಪ್ಪು ಪ್ರಮಾಣದಿಂದ ಕೆಡುವುದು ನಮ್ಮಂಥದೇ ಇನ್ನೊಂದು ಮನೆಯ ತೋಟ ಎಂಬುದು ಎಲ್ಲರ ಮನಸ್ಸಿನಲ್ಲಿರಲಿ.