ಕೂಲಿಯಾಗಿ ಬಂದ ಹೊಗೆಸೊಪ್ಪು

ಆಸ್ಟ್ರೇಲಿಯಾದ ಮೂಲನಿವಾಸಿಗಳು ಆ ಭೂಖಂಡದಲ್ಲಿ ಐವತ್ತು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಬಾಳಿ ಬಂದವರು. ನಿಕೋಟಿನ್ ಉಳ್ಳ ಕೆಲವು ಕಾಡುಸೊಪ್ಪುಗಳನ್ನು ಅಗಿಯುವ ರೂಢಿ ಅವರಲ್ಲಿ ಮೊದಲಿನಿಂದಲೂ ಇತ್ತು. ಆದರೆ ಧೂಮಪಾನವು ನಾಡಿನಾದ್ಯಂತ ಹಬ್ಬಿದುದು 1788ರಲ್ಲಿ ಬ್ರಿಟಿಷರು ಅಲ್ಲಿ ನೆಲೆಯೂರಿದ ಮೇಲೆ. ವಿಶಾಲವಾದ ಪಶುಪಾಲನಾ ಕೇಂದ್ರಗಳಲ್ಲಿ ಹಗಲೆಲ್ಲ ದುಡಿದವರಿಗೆ ಹಣದ ಬದಲು ಹಿಟ್ಟು, ಸಕ್ಕರೆ, ಚಹಾ, ಹೊಗೆಸೊಪ್ಪುಗಳನ್ನು ಪಡಿಯಾಗಿ ಕೊಡುತ್ತಿದ್ದರು. ಕ್ರೈಸ್ತ ಮಿಷನ್‌ಗಳಲ್ಲಿಯೂ ಇದೇ ಕ್ರಮವಿತ್ತು. ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಕಾಲ ಇದು ನಡೆಯಿತು. ದುಡಿಮೆಯ ಬೆಲೆಯೇ ಚಟವಾಗಿ ಮನೆಯನ್ನು ಹೊಕ್ಕಿತೆಂದರೆ ತಪ್ಪಾಗದು.

ಆ ಚಟದ ಭಾರವನ್ನು ಇಂದು ಹೊರುತ್ತಿರುವವರಲ್ಲಿ ಗರ್ಭಸ್ಥ ಶಿಶುಗಳೂ ಸೇರಿವೆ. ತಾಯಿ ಸೇದಿದ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ನಿಕೋಟಿನ್ನು ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಶಿಶುವಿಗೆ ಉಸಿರೂ ಆಹಾರವೂ ಸಾಲದಾಗುತ್ತವೆ. ಅವಧಿಗೆ ಮುನ್ನ ಹೆರಿಗೆಯಾಗುವ, 2,500 ಗ್ರಾಮಿಗಿಂತ ಕಡಿಮೆ ತೂಕದ ಮಗು ಹುಟ್ಟುವ, ಮಗುವು ಗರ್ಭದಲ್ಲಿಯೇ ಮೃತವಾಗುವ ಅಪಾಯ ಇದರಿಂದ ಹೆಚ್ಚುತ್ತದೆ. 2009ರಲ್ಲಿ ಮೂಲನಿವಾಸಿ ಗರ್ಭಿಣಿಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಧೂಮಪಾನ ಮಾಡುತ್ತಿದ್ದರು.

ಹಾಗಾದರೆ ಅವರಿಗೆ ಮಗುವಿನ ಮೇಲೆ ಮಮತೆಯಿಲ್ಲವೆ? ಹೀಗೆ ಕೇಳುವವನು ಅವರ ಮನೆಯೊಳಕ್ಕೆ ಇಣುಕಿ ನೋಡಿದವನಲ್ಲ. ಪತಿ, ಸೋದರಿಯರು, ನೆಂಟರು ಎಲ್ಲರೂ ಸೇದುವ ಮನೆಯಲ್ಲಿ ಒಬ್ಬಳೇ ಬಿಡುವುದು ಸುಲಭವಲ್ಲ. ಬಡತನದ ಚಿಂತೆಯ ನಡುವೆ ಸಿಗರೇಟು ಅರೆಗಳಿಗೆಯ ವಿರಾಮವೆನಿಸುತ್ತದೆ. ವೈದ್ಯರು ಗದರಿಸಿದರೆ ಆಕೆ ಚಟವನ್ನು ಬಿಡುವುದಿಲ್ಲ, ಮರೆಮಾಚುತ್ತಾಳೆ. ಕೆಲವೊಮ್ಮೆ ತಪಾಸಣೆಗೆ ಬರುವುದನ್ನೇ ನಿಲ್ಲಿಸುತ್ತಾಳೆ.

ಇದನ್ನು ಚೆನ್ನಾಗಿ ಅರಿತವರು ಆ ಜನರೇ. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಮೂಲನಿವಾಸಿಗಳು ತಮ್ಮದೇ ಆದ ವೈದ್ಯಸೇವೆಯನ್ನು ಆರಂಭಿಸಿದರು. ಅಂತಹ ಸಂಸ್ಥೆಗಳು ಬಳಿಕ ದೇಶದ ಹಲವೆಡೆ ಹುಟ್ಟಿಕೊಂಡವು. ಅಲ್ಲಿ ಗರ್ಭಿಣಿಯೊಡನೆ ಮಾತನಾಡುವವಳು ಆಕೆಯ ಸಮುದಾಯದವಳೇ ಆದ ಆರೋಗ್ಯ ಕಾರ್ಯಕರ್ತೆ. ಆಕೆ ಮೊದಲು ಕೇಳುತ್ತಾಳೆ, ಹೇಳುವುದು ಆಮೇಲೆ. ಸಾಧ್ಯವಾದರೆ ಪತಿಯನ್ನೂ ಅತ್ತೆಯನ್ನೂ ಕೂಡಿಸಿಕೊಳ್ಳುತ್ತಾಳೆ. ಮಾತಿನಿಂದಷ್ಟೇ ಆಗದಿದ್ದಾಗ ವೈದ್ಯರ ಸಲಹೆಯಂತೆ ನಿಕೋಟಿನ್ ಉಳ್ಳ ಅಗಿಯುವ ಗೋಂದನ್ನು ಕೊಡುವುದುಂಟು. ಅದರಲ್ಲಿ ಹೊಗೆಯೂ ಇಲ್ಲ, ಕಾರ್ಬನ್ ಮಾನಾಕ್ಸೈಡೂ ಇಲ್ಲ. 2010ರಿಂದ ಸರ್ಕಾರವೂ ಮೂಲನಿವಾಸಿಗಳಿಗಾಗಿಯೇ ಧೂಮಪಾನ ತಡೆಯ ಕಾರ್ಯಕ್ರಮಕ್ಕೆ ಹಣ ಒದಗಿಸುತ್ತಿದೆ.

2020ರ ವೇಳೆಗೆ ಸೇದುವ ಗರ್ಭಿಣಿಯರ ಪ್ರಮಾಣ ನೂರಕ್ಕೆ ಸುಮಾರು 43ಕ್ಕೆ ಇಳಿದಿತ್ತು. ಇಳಿಕೆ ನಿಧಾನವಾದುದೇ ಸರಿ. ಆದರೆ ಬೇಗ ಬಿಟ್ಟಷ್ಟೂ ಲಾಭ ಹೆಚ್ಚಾದರೂ, ಯಾವ ತಿಂಗಳಲ್ಲಿ ಬಿಟ್ಟರೂ ಮಗುವಿಗೆ ಹಿತವುಂಟು. ಕೊನೆಯ ಸಿಗರೇಟು ಆರಿದ ಒಂದೆರಡು ದಿನಗಳಲ್ಲಿಯೇ ತಾಯಿಯ ರಕ್ತದಿಂದ ಆ ವಿಷಾನಿಲವು ಇಳಿದುಹೋಗಿ, ಶಿಶುವಿಗೆ ಹೆಚ್ಚು ಆಮ್ಲಜನಕವು ದೊರೆಯತೊಡಗುತ್ತದೆ.